ಎಡಕ್ಕೆಳೆಯುವ ಕಂಟ್ರೋಲರ್

ನವೆಂಬರ್ 3, ಸೋಮವಾರ. ಸಂಜೆ

ಪಾಂಡವಪುರದಿಂದ ಬಸ್ಸು ತಡ. ಕಾಲೇಜಿನಲ್ಲಿ ಪಾಠ ಮುಗಿಸಿ ಬರುವಷ್ಟರಲ್ಲಿ ಇವರು ಅಂಗಡಿ ಮುಚ್ಚಿ ಟಿ.ವಿ. ಮುಂದೆ. ಬೆನ್ನು ಮಾತ್ರ ಕಂಡಿತು. ಚಿನ್ನದ ಕೆಲಸಕ್ಕೆ ಬಗ್ಗಿ ಬಗ್ಗಿ ಬಾಗಿದ ಬೆನ್ನು, ಈಗ ಕಾರ್ ರೇಸಿಗೂ ಅಷ್ಟೇ ಬಾಗುತ್ತದೆ. ನಾದಿನಿ ಮಗ ಹೇಮಂತ್ ತನ್ನ ಹಳೆಯ ಗೇಮ್ ಕನ್ಸೋಲ್ ಕೊಟ್ಟುಹೋದ ಮೇಲೆ ಊಟದ ತನಕ ಮಾತಿಲ್ಲ. ಮೊದಲು ಇತ್ತೇ... ಇತ್ತು. ಸ್ವಲ್ಪ.

ಇವತ್ತು ತಾವಾಗಿ ಮಾತಾಡಿದರು.

"ಕಾರು ಸುಮ್ಸುಮ್ನೆ ಎಡಕ್ಕೇ ಎಳೀತದೆ ಕನಮ್ಮಿ. ಕಂಟ್ರೋಲರ್ ಸ್ಟಿಕ್ಕು ಸವೆದೋಗದೆ. ನೀನು ಓದ್ದೋಳು, ಫೋನಲ್ಲಿ ಒಂದು ಸುಮಾರಾದ್ದು ನೋಡು. ಅದೇ ಕಂಪನೀದು ಬೇಡ, ರೇಟು ಕೇಳುದ್ರೆ ಎದೆ ಒಡ್ಕತದೆ."

ನೋಡುತ್ತೇನೆ ಅಂದೆ. ಖುಷಿ ಯಾಕಾಯಿತೋ.

ನವೆಂಬರ್ 6, ಗುರುವಾರ

ಕ್ಲಾಸಿಲ್ಲ. ಓದಬೇಕಿದ್ದ ಕವನ ಸಂಕಲನ ಬೋರಲು ಬಿದ್ದಿದೆ. ಬೆಳಿಗ್ಗೆಯಿಂದ ಫೋನಿನಲ್ಲಿ ಕಂಟ್ರೋಲರ್‌ಗಳ ರಿವ್ಯೂ. ಒಂದು ಫೋನಿಗೆ ಮಾತ್ರ, ಕನ್ಸೋಲಿಗೆ ಹೊಂದದು. ಇನ್ನೊಂದರ ಚಾರ್ಜು ನಿಲ್ಲದು. ಮತ್ತೊಂದು, ಒತ್ತಿದ ಮೇಲೆ ಯೋಚನೆ ಮಾಡಿ ಕಾರು ತಿರುಗಿಸುತ್ತದಂತೆ. ಕೊನೆಗೆ ಸಿಕ್ಕಿತು — ವೈರ್‌ಲೆಸ್, ಸ್ಟಿಕ್ಕಿನೊಳಗೆ ಆಯಸ್ಕಾಂತ, ಉಜ್ಜಾಟವಿಲ್ಲ, ಬೇಗ ಸವೆಯದು. ಕೆಳಗೆ ಯಾರೋ ಬರೆದಿದ್ದರು: ಹೆಂಡತಿ ಜೊತೆ ಆಡಲು ಕೊಂಡೆ, ಸೋತೆ, ಐದು ಸ್ಟಾರ್.

ಅದನ್ನೇ ಮತ್ತೆ ಮತ್ತೆ ಓದಿದೆ.

ಮಧ್ಯಾಹ್ನ ಹಳೆಯ ಕಂಟ್ರೋಲರ್ ಕೈಗೆ ತೆಗೆದುಕೊಂಡೆ. ಕಾರು ಬೇಲಿಗೆ. ಮತ್ತೆ ಬೇಲಿಗೆ.

ನವೆಂಬರ್ 13, ಗುರುವಾರ

ಪೇಟೆ ಬೀದಿ. ಪೀರ್ ಅಹಮದರ ಮೊಬೈಲ್ ಅಂಗಡಿ. ನಾನು ಆರಿಸಿದ್ದನ್ನೇ ತರಿಸಿಕೊಡುತ್ತಾರೆ.

"ಅಣ್ಣಾವ್ರಿಗಾ ಅಮ್ಮ, ನಿಮಗಾ?"

"ಹಳೇದೂ ಇರ್ತದಲ್ಲ ಸಾಬ್ರೇ. ಎರಡೂ ಒಟ್ಟಿಗೆ ನಡೀತವಾ?"

"ಎರಡೇನು, ನಾಕು ಆಕೊಳ್ಳಿ. ಅರೆ, ಮಿಯಾ-ಬೀವಿ ರೇಸಾ! ಉಸಾರಾಗಿ ಸೋಲ್ಸಿ ಅಮ್ಮ, ಅಣ್ಣಾವ್ರು ಊಟ ಬುಟ್ಬುಟ್ಟಾರು."

ದಾರಿಯುದ್ದಕ್ಕೂ ನಗು.

ಎರಡರ ವಿಷಯ ಇವರಿಗೆ ಹೇಳಿಲ್ಲ. ಇವರು ಅಂಗಡಿಯಲ್ಲಿರುವಾಗ ಕಲಿಯುತ್ತಿದ್ದೇನೆ. ಹಳೆಯದರ ಗುಟ್ಟು ಸಿಕ್ಕಿದೆ — ಅದು ಎಳೆಯುವ ಮೊದಲೇ ಒಂದಿಷ್ಟು ಬಲಕ್ಕೆ ಒತ್ತಿ ಹಿಡಿದರೆ ನೇರ ಹೋಗುತ್ತದೆ. ಹೊಸದು ಇವರಿಗೆ. ಇದು ನನಗೆ. ಪಕ್ಕಪಕ್ಕ ಕೂತು...

ನವೆಂಬರ್ 15, ಶನಿವಾರ

ಕಾಲೇಜು ಕೆಲಸಕ್ಕೆ ಆದಿಚುಂಚನಗಿರಿಗೆ ಹೋಗಿದ್ದೆ. ಬಂದಿದೆ ಎಂದು ಪೀರ್ ಅಹಮದ್ ಮನೆಗೆ ಫೋನ್ ಮಾಡಿದರಂತೆ, ಹೊಸದನ್ನು ಇವರೇ ತಂದಿದ್ದರು. ಹಳೆಯದು ಕಾಣಲಿಲ್ಲ.

"ಅದಾ? ಕೊಟ್ಬುಟ್ಟೆ. ಹಳೇದು ಕೊಟ್ಟು ಹೊಸದು ತಗಳದಲ್ವಾ? ನಮ್ಮಂಗ್ಡೀಲಿ ದಿನಾ ಮಾಡದೇ ಅದು. ಇದುಕ್ಕೆಲ್ಲ ಅಂಗಿಲ್ಲ ಅಂತ ಸಾಬ್ರು ನಗಾಡುದ್ರು. ಬುಟ್ಟನಾ ನಾನು? ಒಸಿ ಕಮ್ಮಿ ಮಾಡುಸ್ಕಂಡೇ ಬಂದೆ."

"ಮತ್ತೇನೂ ಅನ್ನಲಿಲ್ವಾ ಅವರು?"

"ಅಮ್ಮಾವ್ರು ಎರಡೂ ಬೇಕು ಅಂದಿದ್ರು ಅಂದ್ರು. ಅವುಳ್ಗೆಲ್ಲಿ ಬತ್ತದೆ ಆಟ ಅಂದೆ."

ಹೊಸದನ್ನು ಅಂಗೈಲಿಟ್ಟು ತೂಗಿದರು, ಒಡವೆಯ ಹಾಗೆ. "ಒಳ್ಳೇದ್ನೇ ಆರಿಸಿದ್ದೀಯ ಕನಮ್ಮಿ." ಎಷ್ಟೋ ಕಾಲದ ಮೇಲೆ ಒಂದು ಹೊಗಳಿಕೆ. ಸಾರು ಬಿಸಿಮಾಡುವ ನೆಪದಲ್ಲಿ ಒಳಗೆ ಬಂದೆ.

ನವೆಂಬರ್ 24, ಸೋಮವಾರ. ಸಂಜೆ

ಬರೆಯಲು ಮನಸ್ಸಿರಲಿಲ್ಲ. ಇವರ ಕಾರು ಈಗ ನೇರ ಓಡುತ್ತದೆ. ಪ್ರತಿ ರೇಸಿಗೆ ಮೊದಲು ಪರದೆ ಕೇಳುತ್ತದೆ — ಎರಡನೇ ಆಟಗಾರರು ಇದ್ದಾರೆಯೇ? ಇವರು ದಾಟಿ ಹೋಗುತ್ತಾರೆ. ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ. ಹೆಬ್ಬೆರಳು ತಾನಾಗಿ ಬಲಕ್ಕೆ ಒತ್ತುತ್ತದೆ, ಬರಿಯ ಅಂಗೈಯನ್ನು.

ಇವತ್ತು ಬಸ್ಸಿಳಿದು ಬರುವಾಗ ಪೀರ್ ಅಹಮದ್ ಕೂಗಿದರು.

"ತಗಳಿ ಅಮ್ಮ, ನಿಮ್ದು. ಎಡಕ್ಕೆಳೆಯೋ ಮಾಲು ಯಾರು ತಗಂಡಾರು? ನೀವು ಬತ್ತೀರ ಅಂತ ಎತ್ತಿಟ್ಟಿದ್ದೆ. ಕಾಸು ಬ್ಯಾಡ, ಗೆದ್ಮ್ಯಾಕೆ ಚಾ ಕುಡ್ಸಿ."

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮಡಿಲಲ್ಲಿ ಅದು. ಇವರಿಗೆ ಏನೆಂದು ಹೇಳುವುದು? ಎಂ.ಎ. ಓದಿದ್ದೇನೆ, ದಿನವೂ ಪದ್ಯ ಪಾಠ ಮಾಡುತ್ತೇನೆ. 'ನನ್ನನ್ನೂ ಆಟಕ್ಕೆ ಸೇರಿಸಿಕೊಳ್ಳಿ' ಅನ್ನುವಷ್ಟು ಬಾಯಿಗೆ ಬರುತ್ತಿಲ್ಲ.

ಸುಮ್ಮನೆ ನಡುವಿನ ಬಟನ್ ಒತ್ತಿದೆ. ದೀಪ ಮಿಣುಕಿತು... ಆರದೆ ಹತ್ತಿಕೊಂಡು ನಿಂತಿತು. ಕನ್ಸೋಲ್ ಇದನ್ನು ಮರೆತಿಲ್ಲ.

ನಡುಮನೆಯಲ್ಲಿ ರೇಸಿನ ಸದ್ದು ನಿಂತಿದೆ.

"ಅಮ್ಮೀ, ಇದೇನಿದು? ಎರಡ್ನೆಯೋರು ಬಂದವ್ರೆ ಅಂತ ತೋರುಸ್ತಾವದೆ! ಯಾರಮ್ಮಿ?"

ಮತ್ತೆ ಕೇಳುತ್ತಿದ್ದಾರೆ. ಕುರ್ಚಿ ಸರಿದ ಸದ್ದು. ಒಲೆ ಆರಿಸಿ, ಇದನ್ನು ಹಿಡಿದುಕೊಂಡು ನಾನೇ ನಡುಮನೆಗೆ...