ನಿಮ್ಮ ಕರಪತ್ರದ ಮೇಲಿರುವ ನನ್ನ ಫೋಟೋ ಕುರಿತು

ಮಾನ್ಯ ಸೆನೆಟರ್ ಅವರೇ,

ಕಳೆದ ಮಂಗಳವಾರ ನಿಮ್ಮ ಚುನಾವಣಾ ಕರಪತ್ರ ನಮ್ಮ ಅಂಚೆಪೆಟ್ಟಿಗೆಗೆ ಬಂತು. ನುಣುಪು ಕಾಗದ, ಒಳ್ಳೆಯ ಬಣ್ಣ. ಮುಖಪುಟದಲ್ಲಿ ನಾನೇ ಇದ್ದೇನೆ. ಹೆದ್ದಾರಿಯ ಬದಿಯಲ್ಲಿ ನಿಮ್ಮ ಹೆಸರಿನ ಫಲಕ ಹಿಡಿದು, ಒಂದು ಕೈ ಮೇಲೆತ್ತಿ, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದೇನೆ. ಕೆಳಗೆ ದಪ್ಪಕ್ಷರದಲ್ಲಿ ‘ಕಣಿವೆ ನನ್ನೊಂದಿಗಿದೆ’ ಎಂದು ಬರೆಸಿದ್ದೀರಿ. ಆ ಫೋಟೋ ತೆಗೆಸಿ. ಈ ಪತ್ರ ಬರೆಯುತ್ತಿರುವುದು ಅದಕ್ಕೆ. ಯಾಕೆ ತೆಗೆಸಬೇಕು ಎಂದು ಹೇಳಲು ಸ್ವಲ್ಪ ಜಾಗ ಬೇಕು, ಸಾಕ್ಷಿಗಳೂ ಬೇಕು, ಹಾಗಾಗಿ ಪತ್ರಿಕೆಗೇ ಕೊಟ್ಟಿದ್ದೇನೆ. ನಿಮ್ಮ ಕಚೇರಿಗೆ ಬರೆದರೆ ಬರುವ ಉತ್ತರದಲ್ಲಿ ನನ್ನ ಹೆಸರಿನ ಜಾಗವೊಂದನ್ನು ಬಿಟ್ಟು ಉಳಿದದ್ದೆಲ್ಲ ಮೊದಲೇ ಅಚ್ಚಾಗಿರುತ್ತದೆ.

ನಾನು ನಿಮ್ಮ ವಿರೋಧಿಯಲ್ಲ. ನಮ್ಮ ಹವಾಯಿಯಲ್ಲಿ ವಿರೋಧಿಗಳಾದರೂ ಎಲ್ಲಿದ್ದಾರೆ? ಶಾಸನಸಭೆಯ ಎದುರು ಪಕ್ಷದವರನ್ನೆಲ್ಲ ಒಂದೇ ವ್ಯಾನಿನಲ್ಲಿ ಕೂರಿಸಿ ಊಟಕ್ಕೆ ಕರೆದೊಯ್ಯಬಹುದು, ಆಮೇಲೂ ಒಂದೆರಡು ಸೀಟು ಉಳಿಯುತ್ತವೆ. ಆಗಸ್ಟ್‌ನಲ್ಲಿ ಪಕ್ಷದೊಳಗೆ ನಡೆಯುವ ಪ್ರೈಮರಿಯಲ್ಲಿ ಗೆದ್ದವರು ಗೆದ್ದಂತೆಯೇ. ನವೆಂಬರ್‌ನ ಚುನಾವಣೆ ಶಾಸ್ತ್ರಕ್ಕೆ. ನಿಮಗಂತೂ ಪ್ರೈಮರಿಯಲ್ಲೂ ಎದುರಾಳಿ ಇರುತ್ತಿದ್ದದ್ದು ಅಪರೂಪ. ಈ ಸಲ ಒಬ್ಬ ಶಾಲಾ ಶಿಕ್ಷಕಿ ನಿಂತಿದ್ದಾಳೆ. ಚಿಕ್ಕವಳಿದ್ದಾಗ ನಾನು ಓಡಿಸುತ್ತಿದ್ದ ಶಾಲಾ ಬಸ್ಸಿನಲ್ಲಿ ಮುಂದಿನ ಸೀಟಿಗಾಗಿ ಜಗಳವಾಡುತ್ತಿದ್ದವಳು. ಈ ಪತ್ರವನ್ನು ಅವಳೇ ಬರೆಸಿದ್ದಾಳೆ ಎಂದು ನಿಮ್ಮವರು ಹೇಳಿಯಾರು. ಅವಳು ನನ್ನ ಮನೆಗೂ ಬಂದಿದ್ದಳು. ಕಾಫಿ ಕೊಟ್ಟು ಕಳಿಸಿದೆ, ಮಾತು ಕೊಡಲಿಲ್ಲ.

ಮಾತನ್ನು ನಿಮಗೆ ಕೊಟ್ಟಾಗಿತ್ತಲ್ಲ. ಐದು ಚುನಾವಣೆಗಳಲ್ಲಿ ಫೋಟೋದಲ್ಲಿರುವ ಆ ಹೆದ್ದಾರಿ ಕೂಡುರಸ್ತೆಯಲ್ಲಿ ನಿಂತು ನಿಮಗಾಗಿ ಕೈ ಬೀಸಿದ್ದೇನೆ, ಇದು ಆರನೆಯದು. ಹೊರಗಿನಿಂದ ಬಂದು ಈ ಪತ್ರ ಓದುತ್ತಿರುವವರಿಗೆ ಒಂದು ಮಾತು: ನಮ್ಮಲ್ಲಿ ಪ್ರಚಾರವೆಂದರೆ ಮೈಕು, ಭಾಷಣಗಳಿಗಿಂತ ಹೆಚ್ಚಾಗಿ ಇದೇ. ಬೆಳಗಿನ ಹೊತ್ತು ಕೆಲಸಕ್ಕೆ ಹೋಗುವ ಕಾರುಗಳ ಸಾಲಿಗೆ ಮುಖ ಮಾಡಿ, ಕೊರಳಿಗೆ ಹೂವಿನ ಹಾರ ಹಾಕಿಕೊಂಡು, ಫಲಕ ಹಿಡಿದು ಕೈ ಬೀಸುವುದು. ಕಾರಿನವರು ಮೆಚ್ಚಿದರೆ ಹಾರ್ನ್ ಒತ್ತುತ್ತಾರೆ. ಬೇರೆ ದಿನಗಳಲ್ಲಿ ನಾವು ಹಾರ್ನ್ ಮುಟ್ಟುವವರಲ್ಲ. ಮುಂದಿನವನು ಕಾರು ನಿಲ್ಲಿಸಿ ಅಜ್ಜಿಯೊಂದಿಗೆ ಹರಟುತ್ತಿದ್ದರೂ ಸುಮ್ಮನೆ ಕಾಯುತ್ತೇವೆ. ಹಾಗಾಗಿ ಚುನಾವಣೆಯ ಬೆಳಗ್ಗೆ ಕೇಳುವ ಹಾರ್ನಿಗೆ ನಮ್ಮಲ್ಲಿ ಒಂದೇ ಅರ್ಥ.

ಇದನ್ನು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕೂತು ಎಂದೆ, ಆದರೆ ಐದು ನಿಮಿಷ ಕೂರಲಾಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಕಿಟಕಿಯವರೆಗೆ ಹೋಗುತ್ತೇನೆ, ತಿರುಗಿ ಬರುತ್ತೇನೆ. ಒಳಗೆ ನನ್ನ ಗಂಡ ಹೈರಮ್‌ಗೆ ಒಬ್ಬ ಹೆಣ್ಣುಮಗಳು ‘ಆ’ ಎನ್ನುವುದನ್ನು ಕಲಿಸುತ್ತಿದ್ದಾಳೆ. ಅವನಿಗೆ ಎಪ್ಪತ್ತೊಂದು. ನಲವತ್ತು ವರ್ಷ ಕೆಸುವಿನ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಲ್ಲಿ ನಿಂತು ಕೆಲಸ ಮಾಡಿದವನು, ನಿಂತಲ್ಲಿ ನಿಂತೇ ಇಡೀ ಕಣಿವೆಗೆ ಕೇಳುವ ಹಾಗೆ ಮಾತಾಡುತ್ತಿದ್ದವನು.

ನಮ್ಮ ಸೇತುವೆಯ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ಮೂರು ವರ್ಷದ ಹಿಂದೆ ಹೊಳೆ ಉಕ್ಕಿ ಅದರ ಕಾಲು ಮುರಿಯಿತು. ಇಂಜಿನಿಯರುಗಳು ಬಂದು ನೋಡಿದರು, ‘ಮೂರು ಟನ್ ಮೀರಬಾರದು’ ಎಂಬ ಬೋರ್ಡು ನೆಟ್ಟು ಹೋದರು. ಕಣಿವೆಗಿರುವುದು ಅದೊಂದೇ ದಾರಿ. ಬೋರ್ಡಿನ ಈಚೆಗೆ ಶಾಲಾ ಬಸ್ಸು ಬರುವುದಿಲ್ಲ, ಬೆಂಕಿ ನಂದಿಸುವ ಲಾರಿ ಬರುವುದಿಲ್ಲ, ಆಂಬುಲೆನ್ಸ್ ಬರುವುದಿಲ್ಲ. ಯಾರಿಗಾದರೂ ಕಾಯಿಲೆಯಾದರೆ ನಾವೇ ಸಣ್ಣ ಗಾಡಿಯಲ್ಲಿ ಹಾಕಿಕೊಂಡು ಸೇತುವೆ ದಾಟಿ, ಕೂಡುರಸ್ತೆ ದಾಟಿ, ಒಂದು ಮೈಲಿ ಆಚೆ ಹಳೇ ಸಕ್ಕರೆ ಕಾರ್ಖಾನೆಯ ಅಂಗಳಕ್ಕೆ ಒಯ್ಯಬೇಕು. ಆಂಬುಲೆನ್ಸ್ ಅಲ್ಲಿ ಕಾಯುತ್ತದೆ. ಇದು ಸರ್ಕಾರವೇ ಮಾಡಿಕೊಟ್ಟ ವ್ಯವಸ್ಥೆ, ನಿಮ್ಮ ಕಚೇರಿಯ ಮುದ್ರೆಯೂ ಅದರ ಮೇಲಿದೆ.

ಸೇತುವೆಗೆ ಹಣ ಮಂಜೂರಾಗಿದೆ ಎಂದು ನೀವು ಮೂರು ಸಲ ಘೋಷಿಸಿದಿರಿ. ಮೂರು ಸಲವೂ ನಾವು ನಿಮಗೆ ಹಾರ ಹಾಕಿದೆವು. ಒಂದೇ ಮಗುವಿಗೆ ಮೂರು ಸಲ ನಾಮಕರಣ ಮಾಡಿದ ಹಾಗಾಯಿತು, ಮಗು ಮಾತ್ರ ಇನ್ನೂ ಹುಟ್ಟಿಲ್ಲ. ಕೇಳಿದರೆ ಕಡತ ರಾಜಧಾನಿ ಹೊನೊಲುಲುವಿನಲ್ಲಿದೆ ಎನ್ನುತ್ತೀರಿ. ನೀವು ವರ್ಷದಲ್ಲಿ ನಾಲ್ಕು ತಿಂಗಳು ಇರುವುದು ಎಲ್ಲಿ ಸ್ವಾಮಿ? ಸಾರಿಗೆ ಸಮಿತಿಯ ಅಧ್ಯಕ್ಷರು ಯಾರು? ‘ನನ್ನ ಹಿರಿತನ ನೋಡಿ ಮತ ಕೊಡಿ, ಹೊಸಬರನ್ನು ಕಳಿಸಿದರೆ ಹಿಂದಿನ ಬೆಂಚಿನಲ್ಲಿ ಕೂರಬೇಕಾಗುತ್ತದೆ’ ಎಂದು ಕರಪತ್ರದ ಎರಡನೇ ಪುಟದಲ್ಲಿದೆ. ನಿಮ್ಮ ಹಿರಿತನ ಮೂರು ಟನ್ನಿಗಿಂತ ಹೆಚ್ಚು ತೂಗುತ್ತದೆಯೇನೋ, ಅದಕ್ಕೇ ಅದು ಸೇತುವೆ ದಾಟಿ ನಮ್ಮ ಕಡೆಗೆ ಬಂದಿಲ್ಲ.

ನಿಮ್ಮನ್ನು ಕೆಟ್ಟವರು ಎನ್ನುವುದು ನನ್ನಿಂದಾಗದು, ಅದೇ ನನ್ನ ಕಷ್ಟ. ನನ್ನ ಅತ್ತೆಯ ತೊಂಬತ್ತನೇ ಹುಟ್ಟುಹಬ್ಬಕ್ಕೆ ಚಿನ್ನದ ಅಂಚಿನ ಅಭಿನಂದನಾ ಪತ್ರ ತಂದಿರಿ. ಅವರು ತೀರಿಕೊಂಡಾಗ ಕೊನೆಯ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡಿರಿ, ಅದು ನಾಟಕವಾಗಿರಲಿಲ್ಲ. ಕಣಿವೆಯ ಅರ್ಧ ಜನರ ಹೆಸರು ನಿಮಗೆ ಬಾಯಿಪಾಠ. ಯಾರ ಮನೆಯ ಸಾವಿಗೂ ನೀವು ತಪ್ಪಿಸಿಕೊಂಡವರಲ್ಲ. ಆದರೆ ಸಾವಿಗೆ ಬರುವವರು ಸಾವಿಗೆ ಮುಂಚೆಯೂ ಒಮ್ಮೆ ಬರಬೇಕಲ್ಲವೇ? ಇದನ್ನು ಕೇಳಲು ಇಷ್ಟು ವರ್ಷ ನಮಗೆ ನಾಚಿಕೆಯಾಯಿತು. ಮುಖ ನೋಡಿ ಬೇಡವಾದ ಮಾತಾಡಬಾರದು ಎಂದು ಬೆಳೆದವರು ನಾವು, ಆ ಒಳ್ಳೆಯ ಗುಣದ ಮೇಲೆ ನೀವು ಇಪ್ಪತ್ತು ವರ್ಷ ಆರಾಮಾಗಿ ಕೂತಿರಿ.

ಈಗ ಫೋಟೋದ ವಿಷಯ.

ಜೂನ್ ತಿಂಗಳ ಆ ಬೆಳಗ್ಗೆ ಐದೂವರೆಗೆ ನಾನು ಮನೆ ಬಿಟ್ಟೆ. ಹೈರಮ್ ಕಾಫಿ ಕುಡಿಯುತ್ತಿದ್ದ. ನನ್ನ ಕೈ ಬೀಸುವ ಚಾಕರಿ ಅವನಿಗೆ ಎಂದೂ ಹಿಡಿಸಿದ್ದಲ್ಲ. ‘ಅವನ ಹೆಸರು ಹೊತ್ಕೊಂಡು ನಿಲ್ಲೋಕೆ ಅವನೇನು ನಮ್ಮನೆ ಅಳಿಯನಾ?’ ಎಂದು ಪ್ರತಿ ಚುನಾವಣೆಗೂ ಕೇಳುವವನು. ಅಂದೂ ಬಿಡಲಿಲ್ಲ.

‘ಹೋಗು ಹೋಗು, ನಿನ್ನ ಸೆನೆಟರ್ ಕಾಯ್ತಿರ್ತಾನೆ. ನೀನು ಕೈ ಬೀಸ್ದೆ ಇದ್ರೆ ಅವನಿಗೆ ಬೆಳಗಾಗಲ್ಲ.’

‘ಬಾಯಿ ಮುಚ್ಕೊಂಡು ಕಾಫಿ ಕುಡಿ’ ಎಂದೆ ನಾನು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವನ ಮಾತಿಗೆ ನಾನು ಕೊಟ್ಟ ಕೊನೆಯ ಉತ್ತರ ಅದು.

ಕೂಡುರಸ್ತೆಯಲ್ಲಿ ನಾವು ಮೂವತ್ತು ಜನರಿದ್ದೆವು. ಶಿಕ್ಷಕಿಯ ಕಡೆಯವರು ಹಿಂದಿನ ದಿನ ಇಪ್ಪತ್ತೈದು ಜನ ನಿಂತಿದ್ದರೆಂದು ನಿಮ್ಮ ಪ್ರಚಾರ ನೋಡಿಕೊಳ್ಳುವ ಜಾನೀನ್ ಎಲ್ಲರನ್ನೂ ಫೋನ್ ಮಾಡಿ ಕರೆಸಿದ್ದಳು. ತಿನ್ನಲು ಮುಸುಬಿ ಅನ್ನದುಂಡೆ, ಸಕ್ಕರೆ ಹೊರಳಿಸಿದ ಬಿಸಿ ಮಲಸಾಡ ಬೋಂಡಾ, ಎಲ್ಲ ಇತ್ತು. ನೀವು ನನ್ನ ಪಕ್ಕದಲ್ಲೇ ನಿಂತಿದ್ದಿರಿ. ನಮ್ಮನ್ನು ನೋಡಲು ಕಾರುಗಳು ನಿಧಾನ ಮಾಡಿ ಸೇತುವೆಯ ತನಕ ಸಾಲುಗಟ್ಟಿದ್ದವು. ಏಳಕ್ಕೆ ಹತ್ತು ನಿಮಿಷವಿರುವಾಗ ಸಾಲಿನ ಹಿಂದಿನಿಂದ ಒಂದು ಹಾರ್ನ್ ಶುರುವಾಯಿತು. ಒಂದೇ ಸಮನೆ, ಬಿಡುವಿಲ್ಲದೆ. ನಾವೆಲ್ಲ ಹೋ ಎಂದು ಕೂಗಿದೆವು. ಸಾಲು ಇಂಚಿಂಚು ಸರಿದು ಗಾಡಿ ಹತ್ತಿರ ಬಂದಾಗ ನೋಡಿದರೆ ನಮ್ಮ ನೆರೆಮನೆಯ ಕ್ಲೆಮೆಂಟ್ ಮೆದೈರೋಸ್‌ನ ಹಳೇ ಪಿಕಪ್.

‘ಕಣಿವೆಯೋರು ಇವತ್ತು ಭರ್ಜರಿ ಹುರುಪಲ್ಲಿದಾರೆ ಆಂಟಿ’ ಎಂದಿರಿ ನೀವು.

‘ನಮ್ಮ ಕ್ಲೆಮ್ ಅದು. ಜನ್ಮದಲ್ಲಿ ಹಾರ್ನ್ ಒತ್ತಿದೋನಲ್ಲ. ನಿಮಗೋಸ್ಕರ ಒತ್ತುತಾ ಇದಾನೆ ನೋಡಿ’ ಎಂದೆ ನಾನು, ಹೆಮ್ಮೆಯಿಂದ.

ಜನ್ಮದಲ್ಲಿ ಹಾರ್ನ್ ಒತ್ತದವನು ಇವತ್ತು ಯಾಕೆ ಒತ್ತುತ್ತಿದ್ದಾನೆ ಎಂದು ನನಗೆ ಹೊಳೆಯಲಿಲ್ಲ. ಕ್ಲೆಮ್ ಕಿಟಕಿಯಿಂದ ಕೈ ಹೊರಹಾಕಿ ಜೋರಾಗಿ ಬೀಸಿದ. ನಾನೂ ಬೀಸಿದೆ. ಅವನು ಬಾಯಿ ತೆರೆದು ಏನೋ ಕೂಗಿದ. ನಾವು ಮೂವತ್ತು ಜನ ಅದಕ್ಕಿಂತ ಜೋರಾಗಿ ನಿಮ್ಮ ಹೆಸರು ಕೂಗಿದೆವು. ಮುಂದಿದ್ದ ಕಾರುಗಳವರು, ಪಾಪ, ತಾವೂ ಹಾರ್ನ್ ಒತ್ತಿ ಸಂಭ್ರಮಕ್ಕೆ ಸೇರಿಕೊಂಡರು. ಯಾರೂ ಪಕ್ಕಕ್ಕೆ ಸರಿಯಲಿಲ್ಲ. ಪಿಕಪ್ಪಿನ ಹಿಂದೆ ಹಾಸಿಗೆಯ ಮೇಲೆ ಹೈರಮ್ ಮಲಗಿದ್ದ. ಕ್ಲೆಮ್‌ನ ಹೆಂಡತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಗ್ಗಿ ಕೂತಿದ್ದಳು. ಕೂಡುರಸ್ತೆ ದಾಟಲು ಅವರಿಗೆ ಹನ್ನೊಂದು ನಿಮಿಷ ಹಿಡಿಯಿತು. ನನ್ನ ಗಂಡ ನನ್ನಿಂದ ನಾಲ್ಕು ಮಾರು ದೂರದಲ್ಲಿ ಹಾದುಹೋದ, ನಾನು ನಗುತ್ತಾ ಕೈ ಬೀಸಿ ಕಳಿಸಿಕೊಟ್ಟೆ.

ಆಮೇಲೆ ಆಸ್ಪತ್ರೆಯಲ್ಲಿ ಕ್ಲೆಮ್‌ನನ್ನು ಕೇಳಿದೆ, ‘ಇಳಿದು ಬಂದು ಹೇಳ್ಬಾರ್ದಿತ್ತಾ?’

‘ಇಳಿಯೋಣ ಅಂದ್ಕೊಂಡೆ ಪರ್ಲಿ. ಅಷ್ಟರಲ್ಲಿ ನೀನು ಕಂಡೆ. ಸದ್ಯ, ಪರ್ಲಿ ಇದಾಳೆ, ಅವಳಿಗೆ ಗೊತ್ತಾಗತ್ತೆ ಅಂದ್ಕೊಂಡೆ’ ಎಂದ. ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಾ ಕೂತ.

ಬೇಗ ಬಂದಿದ್ದರೆ ಮಾತು ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. ‘ಉಳೀತಿತ್ತೇನೋ ಆಂಟಿ. ಪಾರ್ಶ್ವವಾಯು ಬಡಿದಾಗ ಒಂದೊಂದು ನಿಮಿಷಾನೂ ಬೆಲೆಯದ್ದು. ಖಂಡಿತ ಅಂತ ನಾನು ಹೇಳಲಾರೆ’ ಎಂದರು. ಆ ‘ಏನೋ’ ಒಳಗೆ ನಾನು ಒಂದು ತಿಂಗಳಿಂದ ಓಡಾಡುತ್ತಿದ್ದೇನೆ. ಹನ್ನೊಂದು ನಿಮಿಷದ ಪಾಪ ನನ್ನದು, ನಿಮ್ಮ ಮೇಲೆ ಹೊರಿಸುವುದಿಲ್ಲ. ಆದರೆ ಆಂಬುಲೆನ್ಸ್ ನೇರ ಮನೆಗೇ ಬಂದಿದ್ದರೆ ಅವನು ಹಾಸಿಗೆಯ ಮೇಲೆ ಬಿದ್ದುಕೊಂಡು ಆ ಕೂಡುರಸ್ತೆಗೆ ಬರಬೇಕಿರಲಿಲ್ಲ. ಸೈರನ್ ಕೂಗುವ ಗಾಡಿಗೆ ಯಾರೂ ಕೈ ಬೀಸುವುದಿಲ್ಲ. ಹಾರ್ನನ್ನು ಸೈರನ್ನಿನ ಕೆಲಸಕ್ಕೆ ಹಚ್ಚಿದ್ದು ಯಾರು, ನೀವೇ ಹೇಳಿ.

ಹೀಗಿರುವಾಗ ನಿಮ್ಮ ಕರಪತ್ರ ಬಂತು. ನಾನು ನಗುತ್ತಿದ್ದೇನೆ, ನನ್ನ ಹೆಗಲ ಹಿಂದೆ ಆ ಪಿಕಪ್ ಇದೆ. ಕ್ಲೆಮ್‌ನ ತೆರೆದ ಬಾಯಿ ಸ್ಪಷ್ಟವಾಗಿದೆ. ಹಿಂಬದಿಯ ಅಂಚಿನಲ್ಲಿ ಒಂದು ಬರಿಗಾಲಿನ ಪಾದ ಕಾಣುತ್ತದೆ, ಬೇರೆಯವರಿಗೆ ಅದು ಯಾವುದೋ ಸಾಮಾನಿನಂತೆ ಕಂಡೀತು. ನನಗೆ ಆ ಪಾದ ಗೊತ್ತು. ಕೂಡಲೇ ಜಾನೀನ್‌ಗೆ ಫೋನ್ ಮಾಡಿದೆ.

‘ಅಯ್ಯೋ ಆಂಟಿ, ಅದೆಲ್ಲ ಪ್ರಿಂಟಾಗಿ ಹಂಚಿದ್ದೂ ಆಯ್ತು. ನೀವು ಅದ್ರಲ್ಲಿ ಎಷ್ಟು ಲಕ್ಷಣವಾಗಿ ಕಾಣ್ತೀರ ಗೊತ್ತಾ?’

‘ನನ್ನ ಹಿಂದೆ ಇರೋ ಪಿಕಪ್ ನೋಡಮ್ಮ.’

‘ನೋಡಿದೀನಿ ಆಂಟಿ, ಅದಕ್ಕೇ ಆ ಫೋಟೋ ಆರಿಸಿದ್ದು. ಆ ಅಂಕಲ್ ಎಷ್ಟು ಖುಷಿಯಾಗಿ ಹಾರ್ನ್ ಒತ್ತುತಾ ಇದಾರೆ ನೋಡಿ.’

ನಾನು ವಿಷಯ ಹೇಳಿದೆ. ಅವಳು, ಸೆನೆಟರ್ ಅವರಿಗೆ ಹೇಳುತ್ತೇನೆ, ಆದರೆ ಪ್ರೈಮರಿ ಮುಗಿಯುವ ತನಕ ಇದನ್ನು ಎಲ್ಲೂ ಆಡಬೇಡಿ ಎಂದಳು. ಎರಡು ದಿನ ಬಿಟ್ಟು ನಿಮ್ಮ ಕಡೆಯಿಂದ ಹಣ್ಣಿನ ಬುಟ್ಟಿ ಬಂತು. ಹೈರಮ್‌ಗೆ ಈಗ ಗಂಜಿ ಬಿಟ್ಟು ಬೇರೆ ಏನೂ ನುಂಗಲು ಆಗುವುದಿಲ್ಲ. ಬುಟ್ಟಿಯನ್ನು ದಾದಿಯರಿಗೆ ಕೊಟ್ಟೆ.

ನನ್ನ ಬೇಡಿಕೆ ದೊಡ್ಡದಲ್ಲ. ಹೊಸ ಸೇತುವೆ ಆಗಸ್ಟ್‌ಗೆ ಮುಂಚೆ ಆಗದು ಎಂದು ಬಸ್ಸು ಓಡಿಸಿದವಳಿಗೂ ಗೊತ್ತು. ಹಗುರವಾದ ಒಂದು ಸಣ್ಣ ಆಂಬುಲೆನ್ಸನ್ನು ಕಣಿವೆಯ ಒಳಗೇ ಇಡಿ ಎಂದು ಎರಡು ವರ್ಷದ ಹಿಂದೆ ಇನ್ನೂರು ಜನ ಸಹಿ ಹಾಕಿ ಕೊಟ್ಟಿದ್ದೆವು. ಅಂಥ ಗಾಡಿ ಸಿಗುವುದು ಕಷ್ಟ ಎಂದಿರಿ. ನಿಮ್ಮ ಮುಖ ಬರೆಸಿಕೊಂಡ ಪ್ರಚಾರದ ವ್ಯಾನ್ ವಾರಕ್ಕೆ ಎರಡು ಸಲ ಆ ಸೇತುವೆ ದಾಟಿ ಬಂದು ಹೋಗುತ್ತದೆ. ಸಿಕ್ಕಿತಲ್ಲ ಗಾಡಿ. ಒಳಗಿನ ಫಲಕಗಳನ್ನೆಲ್ಲ ಇಳಿಸಿ, ಒಂದು ಮಂಚ ಹಾಕಿಸಿ, ಒಂದು ಸೈರನ್ ಕೂರಿಸಿ, ಇದೇ ಶುಕ್ರವಾರದೊಳಗೆ ನಮ್ಮ ಕಡೆ ತಂದು ನಿಲ್ಲಿಸಿ. ನಿಮ್ಮ ಮುಖ ಬೇಕಾದರೆ ಹಾಗೇ ಇರಲಿ. ಕರಪತ್ರದಿಂದ ನನ್ನ ಮುಖ ಮಾತ್ರ ಹೋಗಬೇಕು.

ಅಲ್ಲಿಯವರೆಗೆ ನಾನು ಪ್ರತಿದಿನ ಬೆಳಗ್ಗೆ ಆ ಕೂಡುರಸ್ತೆಗೆ ಬರುತ್ತೇನೆ. ಫಲಕ ಇರುವುದಿಲ್ಲ, ಹಾರ ಇರುವುದಿಲ್ಲ. ಯಾರು ಹಾರ್ನ್ ಒತ್ತಿದರೂ ರಸ್ತೆಗಿಳಿದು ಸಾಲನ್ನೆಲ್ಲ ನಿಲ್ಲಿಸಿ, ಆ ಗಾಡಿಯ ಹಿಂದಕ್ಕೆ ಹೋಗಿ, ಒಳಗೆ ಯಾರಾದರೂ ಮಲಗಿದ್ದಾರೆಯೇ ಎಂದು ಬಗ್ಗಿ ನೋಡುತ್ತೇನೆ. ನೋಡಿ ಮುಗಿಯುವ ತನಕ ಯಾರನ್ನೂ ಬಿಡುವುದಿಲ್ಲ. ನಿಮ್ಮ ಬೆಂಬಲಿಗರು ಬಹಳ ಜನ, ತುಂಬಾ ಹೊತ್ತು ಹಿಡಿಯಬಹುದು. ನನಗೆ ಅವಸರವಿಲ್ಲ.

ಇಂತಿ,
ನಿಮ್ಮ ಕರಪತ್ರದಲ್ಲಿ ಮುಂದೆ ನಗುತ್ತಿರುವವಳು, ಹಿಂದೆ ಮಲಗಿರುವವನ ಹೆಂಡತಿ,
ಪರ್ಲಿಟಾ ಕಲೂನಾ