ಬದಲಾಯಿಸಿದ ಶೀಶೆ

ಆಳಂದ
೧೪ ಏಪ್ರಿಲ್ ೧೯೪೧

ಪ್ರೀತಿಯ ಶರಣಬಸಮ್ಮ ವೈನಿಯವರಿಗೆ, ನಿಮ್ಮ ನಾದಿನಿ ಗೌರಾಬಾಯಿಯ ಶರಣಾರ್ಥಿ.

ಈ ಕಾಗದವನ್ನು ಅಣ್ಣನ ಎದುರಿಗೇ ಓದಿರಿ. ಮಣ್ಣೂರಿನಲ್ಲಿ ಜೋಳದ ರಾಶಿ ಬಿಟ್ಟು ಬರಲಾಗದೆ, ನೀವು ಅಣ್ಣನನ್ನು ನನ್ನ ಮೇಲೆ ಭರವಸೆಯಿಟ್ಟು ಇಲ್ಲಿಗೆ ಕಳಿಸಿದಿರಿ. ನಾನು ಆ ಭರವಸೆ ಉಳಿಸಿಕೊಳ್ಳಲಿಲ್ಲ.

ಅಣ್ಣನಿಗೂ ನಮ್ಮ ಯಜಮಾನರಿಗೂ ಒಂದೇ ಬೇನೆ. ಹೊಟ್ಟೆಯ ಹುಣ್ಣಿನಿಂದ ರಕ್ತ ವಾಂತಿ. ಯುದ್ಧದ ದೆಸೆಯಿಂದ ಮುಂಬೈಯ ಹೊಸ ಔಷಧ ಒಂದೇ ಶೀಶೆ ಬಂದಿತ್ತು. ಇಲ್ಲಿಯ ಡಾಕ್ಟರು ಅದನ್ನು ಅಣ್ಣನಿಗೆ, ಹಳೆಯ ಪುಡಿಯನ್ನು ಯಜಮಾನರಿಗೆ ಕೊಟ್ಟು, ಯಾವುದರಿಂದ ರಕ್ತ ಬೇಗ ನಿಲ್ಲುತ್ತದೋ ನೋಡೋಣ ಎಂದರು. ಕುಡಿಸುವ ಕೆಲಸ ನನ್ನದು.

ನಾಲ್ಕನೆಯ ದಿನ ಅಣ್ಣ ಎದ್ದು ಕುಳಿತು ಗಂಜಿ ಕೇಳಿದ. ಅದೇ ಮಧ್ಯಾಹ್ನ ಯಜಮಾನರು ಮತ್ತೆ ರಕ್ತ ಕಾರಿದರು. ಶೀಶೆಯ ಔಷಧವನ್ನು ಯಜಮಾನರಿಗೆ ಕುಡಿಸಿದೆ, ಪುಡಿಯನ್ನು ಅಣ್ಣನಿಗೆ ಕಲಸಿ ಕೊಟ್ಟೆ. ಆ ಒಂದು ದಿನವಲ್ಲ, ಐದು ದಿನ ಹಾಗೇ ಮಾಡಿದೆ. ಇವರು ಚೇತರಿಸಿಕೊಂಡರು. ಅಣ್ಣನಿಗೆ ಮತ್ತೆ ರಕ್ತ ಬಿತ್ತು.

ಡಾಕ್ಟರು, "ಔಷಧ ಹೇಳಿದಂಗ ಕೊಟ್ಟೀರೇನ್ರಿ?" ಎಂದು ಕೇಳಿದರು. "ಹೌದ್ರಿ" ಎಂದುಬಿಟ್ಟೆ. ಪುಡಿಯೇ ಮೇಲೆಂದು ವಹಿಯಲ್ಲಿ ಬರೆದುಕೊಂಡು, ಅದನ್ನೇ ಕೊಟ್ಟು ಅಣ್ಣನನ್ನು ಊರಿಗೆ ಕಳಿಸಿದರು.

ನಿನ್ನೆ ಅವರ ಬಳಿ ಹೋಗಿ ನಿಜ ಹೇಳಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ವಹಿಯ ಆ ಸಾಲು ಹೊಡೆದುಹಾಕಿ, "ನಿಮ್ಮ ಮಾತು ನಂಬಿ ಖಜೂರಿಯ ಇಬ್ಬರಿಗೆ ಪುಡಿನ ಕೊಡಾಕತ್ತೇನಿ, ಬಾಯಿ" ಎಂದಷ್ಟೇ ಅಂದು, ಕುದುರೆಗೆ ಜೀನು ಹಾಕಿಸಿ ಖಜೂರಿಗೆ ಹೊರಟರು. ಅವರ ಮುಖ ನೋಡಲಾಗಲಿಲ್ಲ.

ಹೊಸ ಔಷಧದ ಎರಡು ಶೀಶೆ ಬಂದಿವೆ. ಒಂದನ್ನು ಈ ಕಾಗದದ ಜೊತೆ, ನಿಮ್ಮೂರ ಕಡೆ ಹೊರಟ ಲಾಡ್ಲೆಸಾಬರ ಕೈಲಿ ಕಳಿಸಿದ್ದೇನೆ. ಇದು ಕೈಸೇರಿದ ಕೂಡಲೇ ಪುಡಿ ಬಿಡಿಸಿ ಇದನ್ನು ಹಾಲಿನೊಂದಿಗೆ ಕೊಡಬೇಕೆಂದು, ಇಂದು ಬೆಳಿಗ್ಗೆ ಖಜೂರಿಯಿಂದ ಮರಳಿದ ಡಾಕ್ಟರು ಹೇಳಿದ್ದಾರೆ. ಯಜಮಾನರಿಗೂ ಎಲ್ಲ ತಿಳಿಸಿದೆ. ಅವರು ಎರಡು ಹೊತ್ತು ಊಟ ಮಾಡಿಲ್ಲ.

ನಿಮ್ಮ ಕ್ಷಮೆ ಕೇಳುವ ಮುಖ ನನಗಿಲ್ಲ.

ನಿಮ್ಮ ನಾದಿನಿ,
ಗೌರಾಬಾಯಿ

ತಾ.ಕ.: ಮೇಲೆ ಒಂದು ಮಾತು ಮುಚ್ಚಿಟ್ಟೆ. ಅಣ್ಣನಿಗೆ ಗೊತ್ತು. ಔಷಧ ಬದಲಾಯಿಸಿದ ಮೊದಲ ದಿನ ಪುಡಿಯ ಬಟ್ಟಲು ಹಿಡಿದು ನಿಂತಾಗ ಅವನು ಕಣ್ಣು ತೆರೆದ. "ತಾ ಗೌರಾ, ಕುಡಿತೇನಿ. ಆ ಶೀಶೆ ಅವರಿಗೇ ಇರ್ಲಿ. ನಾ ಯಾರ ಮುಂದೂ ಹೇಳಂಗಿಲ್ಲ" ಎಂದ. ಅವನು ಊರಿಗೆ ಹೊರಟ ದಿನ, ಬಂಡಿ ದಾಟುವವರೆಗೂ ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.