ಬಿಡ್ತು ಅನ್ನು

ಜನವರಿ 11, ಶನಿವಾರ. ಲೊಂಬಾರ್ಡ್.

ಬೆಳಗ್ಗೆ ಮಾಂಸದ ಅಂಗಡಿ. ಕುರಿಯ ಶ್ವಾಸನಾಳ, ಒಂದು ಚೀಲ. ಅಂಗಡಿಯವನದು ಪ್ರತಿ ಸಲವೂ ಅದೇ ತಮಾಷೆ — “ಸೂಪ್‌ಗಾ ಡಾಕ್ಟರ್, ಸ್ಕೂಲ್‌ಗಾ?” ಬೆಳ್ಳುಳ್ಳಿಯೂ ಕಾಣದ ಮೈಸೂರಿನ ಅಡುಗೆಮನೆಯಲ್ಲಿ ಬೆಳೆದವಳು ನಾನು. ಈಗ ಫ್ರಿಜ್ಜಿನ ಕೆಳಗಿನ ಖಾನೆ ಗಂಟಲುಗಳಿಗೇ ಮೀಸಲು. ಗಂಡ ಜಗನ್ನಾಥ ಮೊಸರು ತೆಗೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಮಧ್ಯಾಹ್ನ ವರ್ಕ್‌ಶಾಪ್. ಇಲ್ಲೇ ಹುಟ್ಟಿ ಬೆಳೆದ ನಮ್ಮವರ ಮಕ್ಕಳೆಲ್ಲ ಬಂದಿದ್ದರು. ಮಕ್ಕಳು ಎನ್ನಬಾರದು, ಎಲ್ಲರೂ ಡಾಕ್ಟರುಗಳು... ಆದರೂ ಮಕ್ಕಳೇ. ಎಮರ್ಜೆನ್ಸಿಗೆ ಮುಖ ಒಡೆದವರು ಬರುತ್ತಾರೆ. ಬಾಯಿಯಿಂದ ಟ್ಯೂಬ್ ಇಳಿಯುವುದಿಲ್ಲ, ಮಾಸ್ಕ್‌ನಿಂದ ಗಾಳಿ ಹೋಗುವುದಿಲ್ಲ. ಆಗ ಉಳಿಯುವ ದಾರಿ ಒಂದೇ. ಕುತ್ತಿಗೆಯ ಮುಂಭಾಗವನ್ನು ಕೊಯ್ದು ಅಲ್ಲಿಂದ ಉಸಿರು ಕೊಡುವುದು. ಕೊಯ್ಯುವ ಮುನ್ನ ಒಂದು ವಾಕ್ಯವನ್ನು ಗಟ್ಟಿಯಾಗಿ ಹೇಳಬೇಕು: ‘ಕಾಂಟ್ ಇಂಟ್ಯುಬೇಟ್, ಕಾಂಟ್ ಆಕ್ಸಿಜನೇಟ್.’ ಟ್ಯೂಬ್ ಹೋಗುತ್ತಿಲ್ಲ, ಗಾಳಿಯೂ ಹೋಗುತ್ತಿಲ್ಲ, ನನ್ನಿಂದ ಆಗುತ್ತಿಲ್ಲ ಎಂಬ ಘೋಷಣೆ. ಅದು ಕಿವಿಗೆ ಬಿದ್ದರೆ ನರ್ಸ್ ಚಾಕು ಕೊಡುತ್ತಾಳೆ, ಇನ್ನೊಮ್ಮೆ ಪ್ರಯತ್ನಿಸಿ ಎಂದು ಯಾರೂ ಹೇಳುವುದಿಲ್ಲ. ಹೇಳದಿದ್ದರೆ ಎಲ್ಲರೂ ಟ್ಯೂಬನ್ನೇ ನೋಡುತ್ತ ನಿಲ್ಲುತ್ತಾರೆ. ರೋಗಿ ಸಾಯುತ್ತಾನೆ.

ಪ್ಲೇನ್‌ಫೀಲ್ಡ್‌ನ ವಿಭಾಳ ಕೈಯಂಥ ಕೈಯನ್ನು ನಾನು ಕಂಡಿಲ್ಲ. ಕುರಿಯ ಗಂಟಲನ್ನು ಹೂ ಬಿಡಿಸಿದಂತೆ ತೆರೆದಳು. ಆದರೆ ಗೊಂಬೆಯ ಮೇಲಿನ ಪರೀಕ್ಷೆಯಲ್ಲಿ ಟ್ಯೂಬ್ ಹೋಗದಿದ್ದಾಗ ತುಟಿ ಬಿಗಿದು ಮತ್ತೆ ಪ್ರಯತ್ನಿಸಿದಳು. ಮತ್ತೆ. ಮತ್ತೆ. ಮಾನಿಟರ್ ಗೆರೆ ಮಲಗಿತು.

“ಏನಾಯ್ತು ವಿಭಾ?”

“ಐ ವಾಸ್ ಗೋಯಿಂಗ್ ಟು ಸೇ ಇಟ್, ಆಂಟಿ.”

“ಯಾವಾಗ ಹೇಳ್ತಿದ್ದೆ? ತಿಥಿ ದಿನವಾ?”

ಉಳಿದವರಿಗೆ ಅರ್ಥವಾಗಲಿಲ್ಲ. ಅವಳ ಮುಖ ಸುಣ್ಣವಾಯಿತು. ಇಷ್ಟು ಸಣ್ಣ ಚುಚ್ಚುಮಾತಿಗೆ?

ಜನವರಿ 23, ಗುರುವಾರ. ಡೆಟ್ರಾಯಿಟ್.

ತಿಂಗಳಿಗೊಮ್ಮೆ ಇಲ್ಲಿನ ಆಸ್ಪತ್ರೆಗೆ ಪಾಠಕ್ಕೆ ಬರುವ ದಿನ. ವಿಭಾ ಇಲ್ಲಿಯೇ ಟ್ರಾಮಾ ರೊಟೇಶನ್‌ನಲ್ಲಿ, ಗಾಯಾಳುಗಳ ವಿಭಾಗದ ತರಬೇತಿಯಲ್ಲಿ, ಇದ್ದಾಳೆ. ಪಾಠ ಶುರುವಾಗುವ ಮೊದಲೇ ಅವನನ್ನು ತಂದರು.

ಹತ್ತೊಂಬತ್ತರ ಹುಡುಗ. ಗ್ಯಾಸ್ ಸ್ಟೇಷನ್ನಿನಲ್ಲಿ ಗುಂಡು. ಕೆಳದವಡೆ ಇರಬೇಕಾದ ಕಡೆ ದವಡೆ ಇರಲಿಲ್ಲ. ನಾಲಗೆ ಎದೆಯ ಮೇಲೆ ಜೋತಿತ್ತು, ಹಲ್ಲುಗಳು ಅಂಗಿಯ ಜೇಬಿನಲ್ಲಿದ್ದವು. ಉಸಿರೆಳೆದಾಗಲೆಲ್ಲ ರಕ್ತವನ್ನೇ ಎಳೆದುಕೊಳ್ಳುತ್ತಿದ್ದ. ತಲೆಯ ಬಳಿ ವಿಭಾ. ಟ್ಯೂಬ್ ಹಾಕಿದಳು, ಹೋಗಲಿಲ್ಲ. ಮತ್ತೆ ಹಾಕಿದಳು. ನಾನು ಗಾಜಿನಾಚೆ ಗೋಡೆಗೆ ಕೈಯೂರಿ ನಿಂತಿದ್ದೆ — ಹೇಳು ಮಗಳೇ, ಹೇಳು. ತುಟಿ ಅಲುಗಿತು. ದನಿ ಬರಲಿಲ್ಲ. ಕೊನೆಗೆ ಇಲ್ಲಿನ ಟ್ರಾಮಾ ಮುಖ್ಯಸ್ಥ ಕಲ್ಲಿನಾಥ ಅವಳನ್ನು ಭುಜದಿಂದ ತಳ್ಳಿ ತಾವೇ ಕೊಯ್ದರು. ರಕ್ತ ದೀಪದವರೆಗೂ ಹಾರಿತು.

ಉಸಿರು ಉಳಿಯಿತು. ಮಿದುಳು ಉಳಿಯಲಿಲ್ಲ. ಸಂಜೆ ಅವನ ತಾಯಿಯನ್ನು ಕೂರಿಸಿ ಹೇಳಿದರು. ಆ ಕೂಗು...

ಕಲ್ಲಿನಾಥ ಹುಬ್ಬಳ್ಳಿಯವರು, ಮುಚ್ಚಿಡುವ ಅಭ್ಯಾಸವಿಲ್ಲ. “ಮಂಜರಿಯವರ, ನಿಮ್ಮ ಹುಡುಗಿ ಕೈ ಬಂಗಾರ ಐತ್ರಿ. ಆದ್ರ ಬಾಯಾಗ ಏನು ಅವಲಕ್ಕಿ ತುಂಬ್ಕೊಂಡಾಳೇನ? ನನ್ನ ರೂಮಿನ್ಯಾಗ ಮೂಕಿ ಬ್ಯಾಡ್ರಿ.”

“ಇನ್ನೊಂದು ಅವಕಾಶ ಕೊಡಿ.”

“ಕೊಡ್ತೀನಿ. ಒಂದ. ಮತ್ತ ಬಾಯಿ ಬಿಡಲಿಲ್ಲಂದ್ರ ಆಕಿ ಈ ಬಾಗಿಲಾ ದಾಟಬಾರದು. ಇನ್ನೊಬ್ಬ ತಾಯಿಗೆ ಹೇಳೂದು ನನ್ನ ಕೈಲೆ ಆಗೂದಿಲ್ಲ.”

ಅವರು ಹೇಳಿದ್ದು ನ್ಯಾಯ. ಅದೇ ನೋವು.

ಜನವರಿ 26, ಭಾನುವಾರ. ಪ್ಲೇನ್‌ಫೀಲ್ಡ್.

ರಜೆಗೆ ಬಂದ ವಿಭಾಳ ಮನೆಗೆ ಹೋದೆ. ತಂದೆತಾಯಿ ಇಬ್ಬರೂ ಕೆಲಸದ ಮೇಲೆ ಊರಾಚೆ. ಅವಳನ್ನು ಸಾಕಿದವರೇ ಅಜ್ಜಿ, ಸುವರ್ಣಮ್ಮ. ಕೂರಿಸಿ ಬಿಸಿಬೇಳೆಭಾತ್ ಬಡಿಸಿದರು. ಆಮೇಲೆ ಒಳಗಿನಿಂದ ಕೂಗಿದರು: “ವಿಭಾ, ಮೊಸರು ತುಂಬಿದೆ ಕಣೇ, ಹೋಗಿ ತಗೊಂಡ್ ಬಾ.”

ನೋಡಿದರೆ ಡಬ್ಬಿ ಖಾಲಿ. ನಕ್ಕುಬಿಟ್ಟೆ. ನಮ್ಮಮ್ಮನೂ ಹಾಗೆಯೇ. ಅಕ್ಕಿ ಮುಗಿಯಿತು ಎನ್ನಬಾರದು, ತುಂಬಿದೆ ಎನ್ನಬೇಕು. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಹೋಗ್ತೀನಿ ಎನ್ನಬಾರದು... ನಗುತ್ತಿದ್ದಂತೆಯೇ ನಗು ನಿಂತಿತು. ವಿಭಾಳತ್ತ ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು.

“ಯೂ ವಿಲ್ ಲಾಫ್,” ಅಂದಳು.

“ನಗಲ್ಲ. ಹೇಳು.”

“ಅಸ್ತು ದೇವತೆಗಳು, ಆಂಟಿ. ಅಜ್ಜಿ ಹೇಳ್ತಾರಲ್ಲ, ನಾವು ಏನ್ ಅಂದ್ರೂ ಮೇಲಿಂದ ‘ಹಾಗೇ ಆಗಲಿ’ ಅಂತಾರೆ ಅಂತ. ಐ ನೋ ಇಟ್ಸ್ ಸ್ಟುಪಿಡ್. ಐ ವೆಂಟ್ ಟು ಮೆಡಿಕಲ್ ಸ್ಕೂಲ್! ಆದ್ರೆ ‘ಕಾಂಟ್’ ಅನ್ನೋಕೆ ಹೋದಾಗ... ಯಾರೋ ಕಾಯ್ತಿದ್ದಾರೆ ಅನ್ಸುತ್ತೆ. ಅಂದ ತಕ್ಷಣ ಅಸ್ತು ಅಂತಾರೆ. ನಾನೇ ಕೊಂದ ಹಾಗೆ.”

ಸುವರ್ಣಮ್ಮ ಬಾಗಿಲಲ್ಲಿದ್ದರು. ಎಲ್ಲವನ್ನೂ ಹೇಳಿದೆ, ದವಡೆಯಿಲ್ಲದ ಹುಡುಗನನ್ನೂ ಬಿಡದೆ. ಅವರಿಗೆ ಸಿಟ್ಟು ಬಂತು. “ಮಗು ಬಾಯಲ್ಲಿ ಅಶುಭ ಆಡ್ಸೋಕೆ ಬಂದ್ರಾ ಡಾಕ್ಟ್ರೇ?”

“ಅವಳು ಆಡಿದರೆ ಒಂದು ಜೀವ ಉಳಿಯುತ್ತೆ, ಅಮ್ಮಾ.”

ತಟ್ಟೆ ತೆಗೆದರು. ಸಿಂಕಿನಲ್ಲಿ ತಿಕ್ಕಿದ ತಟ್ಟೆಯನ್ನೇ ಮತ್ತೆ ತಿಕ್ಕಿದರು. “ಆ ಹುಡುಗನಿಗೆ ತಾಯಿ ಇದ್ಲಾ?”

“ಇದ್ದರು.”

ಕೈ ಒರೆಸಿಕೊಂಡು ಬಂದು ವಿಭಾಳ ಪಕ್ಕ ಕೂತರು. “ಇವಳಿಗೆ ಅರ್ಧ ಮಾತ್ರ ಕಲಿಸಿದೆ. ಆಡಬಾರದು ಅಂದೆ. ಆಡಲೇಬೇಕಾಗಿ ಬಂದ್ರೆ? ಅದಕ್ಕೂ ಇದೆಯಲ್ಲ ದಾರಿ. ಚಿಕ್ಕೋಳಿದ್ದಾಗ ಏನಾದ್ರೂ ಅಂದ್ರೆ ಏನ್ ಮಾಡ್ತಿದ್ದೆ ನಾನು?” ಎರಡು ಬೆರಳಿಂದ ಮೊಮ್ಮಗಳ ತುಟಿಯ ಮೇಲೆ ಮೆಲ್ಲಗೆ ತಟ್ಟಿದರು. “ಬಿಡ್ತು ಅನ್ನು.”

“ಬಿಡ್ತು,” ಅಂದಳು ವಿಭಾ.

“ಆಯ್ತು. ಅಂದಿದ್ದು ಹೋಯ್ತು. ಅವರು ಅಸ್ತು ಅನ್ನೋ ಮೊದಲೇ ಅಂದುಬಿಡು, ಅಷ್ಟೇ.”

ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ. ಇಂಥ ಪಾಠವನ್ನು ಮಾಡಿಲ್ಲ.

ಫೆಬ್ರವರಿ 8, ಶನಿವಾರ. ಲೊಂಬಾರ್ಡ್, ವರ್ಕ್‌ಶಾಪ್.

“ಕಾಂಟ್ ಇಂಟ್ಯುಬೇಟ್! ಕಾಂಟ್ ಆಕ್ಸಿಜನೇಟ್! ಬಿಡ್ತು! ಸ್ಕಾಲ್ಪೆಲ್!”

ಗಾಜು ನಡುಗುವ ದನಿ, ವಿಭಾಳದು. ಎಲ್ಲಿತ್ತು ಇದು ಇಷ್ಟು ದಿನ! ಗೊಂಬೆ ಬದುಕಿತು. ಹಾಫ್‌ಮನ್ ಎಸ್ಟೇಟ್ಸ್‌ನ ದೇವ್ ಕಣ್ಣರಳಿಸಿ ಕೇಳಿದ — “ಬಿಡ್ತು ಅಂದ್ರೆ ಯಾವ ಕಂಪನಿಯ ಸ್ಕಾಲ್ಪೆಲ್ ಆಂಟಿ?” ಅವನ ಸರದಿ ಬಂದಾಗ ಅವನೂ “ಬಿಟ್ಟೂ!” ಎಂದು ಕಿರುಚಿದ. ಆಮೇಲೆ ಎಲ್ಲರೂ. ಬೇಡವೆನ್ನಲು ಮನಸ್ಸಾಗಲಿಲ್ಲ. ಕೈಗೆ ಒಂದು ಕ್ಷಣದ ಸ್ಥಿರತೆ ಕೊಡುತ್ತದೆ ಆ ಪದ.

ಈ ಮಕ್ಕಳ ಮೇಲೆ ನನಗೆ ಎಷ್ಟು ಭರವಸೆ! ಬರೆದರೆ ದೃಷ್ಟಿಯಾದೀತು ಎಂದು... ನೋಡು, ನಾನೂ ಶುರು ಮಾಡಿದೆ.

ಫೆಬ್ರವರಿ 14, ಶುಕ್ರವಾರ. ಬೆಳಗ್ಗೆ. ಡೆಟ್ರಾಯಿಟ್.

ದಾರಿಯುದ್ದಕ್ಕೂ ಹಿಮ. ಹೊರಗೆ ಎಂಟು ಡಿಗ್ರಿ ಫ್ಯಾರನ್‌ಹೀಟ್. ಸುವರ್ಣಮ್ಮ ಕೊಟ್ಟ ಕೋಡುಬಳೆಯ ಡಬ್ಬಿ ಪಕ್ಕದ ಸೀಟಿನಲ್ಲಿದೆ. ಇವತ್ತು ವಿಭಾಳ ಪಾಳಿಯಲ್ಲಿ ಜೊತೆಗಿರಲು ಕಲ್ಲಿನಾಥ ಒಪ್ಪಿದ್ದಾರೆ. “ಕೈ ಕಟ್ಟಿ ನಿಲ್ಲಬೇಕ್ರಿ ಮತ್ತ!” ನಿಲ್ಲುತ್ತೇನೆ. ಅವಳು ಹೇಳುತ್ತಾಳೆ. ಖಂಡಿತ ಹೇಳುತ್ತಾ—

ಕರೆಯುತ್ತಿದ್ದಾರೆ.

ಫೆಬ್ರವರಿ 15.

ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿದೆ. ಬರೆಯಲಾರೆ.

ಮಾರ್ಚ್ 3, ಸೋಮವಾರ. ಡೆಟ್ರಾಯಿಟ್, ಹೋಟೆಲ್.

ಬರೆಯದಿದ್ದರೆ ನಿದ್ದೆಯಿಲ್ಲ.

ಫೆಬ್ರವರಿ 14ರಂದು ತಂದವನಿಗೆ ಇಪ್ಪತ್ತೆರಡು ವರ್ಷ. ಕಾರ್ ಶೆಡ್ಡಿನ ಜಗಳ, ಮುಖಕ್ಕೆ ಕಬ್ಬಿಣದ ಸಲಾಕೆ. ಮೂಗು, ಕೆನ್ನೆ, ಅಂಗುಳ ಎಲ್ಲ ಒಂದೇ ಮುದ್ದೆ. ಜೊತೆಗೆ ತಮ್ಮ ಬಂದಿದ್ದ. ಅಣ್ಣನ ರಕ್ತದಲ್ಲಿ ಮೊಣಕೈವರೆಗೂ ತೊಯ್ದಿದ್ದ. ಅವನನ್ನು ಹೊರಗೆ ನಿಲ್ಲಿಸಿದರು.

ವಿಭಾ ಟ್ಯೂಬ್ ಹಾಕಿದಳು, ರಕ್ತದಲ್ಲಿ ದಾರಿಯೇ ಕಾಣಲಿಲ್ಲ. ಮಾಸ್ಕ್ ಒತ್ತಿದಳು, ಮುಖವೇ ಕುಸಿಯಿತು. ತಲೆ ಎತ್ತಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಎರಡೂ ‘ಕಾಂಟ್’ಗಳನ್ನೂ. ಆಮೇಲೆ ಸಣ್ಣಗೆ, ತನಗಷ್ಟೇ — ಬಿಡ್ತು. ಚಾಕು ಕೈಗೆ ಬಂತು. ಕೊಯ್ದಳು. ಗಾಯದಿಂದ ರಕ್ತ ಗುಳ್ಳೆಗುಳ್ಳೆಯಾಗಿ ಚಿಮ್ಮಿತು. ಬೆರಳಿಟ್ಟಳು, ಟ್ಯೂಬ್ ಇಳಿಸಿದಳು. ಎದೆ ಏರಿತು. ಕಲ್ಲಿನಾಥ “ಭೇಷ್!” ಎಂದು ಕೂಗಿದರು. ಕಟ್ಟಿದ ಕೈ ಬಿಚ್ಚಿ ನಾನು ಅಳುತ್ತಿದ್ದೆ.

ಬಾಗಿಲಿನ ಗಾಜಿನಿಂದ ತಮ್ಮ ನೋಡಿದ್ದು ಇಷ್ಟನ್ನೇ: ಒಬ್ಬಳು ತನ್ನ ಅಣ್ಣನ ಕುತ್ತಿಗೆ ಕೊಯ್ಯುತ್ತಿದ್ದಾಳೆ.

ಬಾಗಿಲು ಒದ್ದು ನುಗ್ಗಿದ. “ನೀನು ಅವನನ್ನ ಕೊಂದೆ! ಕೊಂದೆ!” ಗಾಲಿ ಮಂಚದ ಬದಿಯಿಂದ ಸಣ್ಣ ಆಕ್ಸಿಜನ್ ಸಿಲಿಂಡರ್ ಕಿತ್ತ. ವಿಭಾ ತಿರುಗುವಷ್ಟರಲ್ಲಿ ಬೀಸಿದ. ಗಂಟಲಿಗೆ. ಒಣಕಟ್ಟಿಗೆ ಮುರಿದಂಥ ಸದ್ದು. ಅವಳು ಬಿದ್ದಳು. ಅವನು ಮತ್ತೆ ಎತ್ತಿದ. ದೇವರು ದೊಡ್ಡವನು, ಸೆಕ್ಯುರಿಟಿಯವರು ಅವನ ಮೇಲೆ ಬಿದ್ದರು. ನೆಲಕ್ಕೆ ಮುಖವೊತ್ತಿ ತೋಳು ತಿರುಚಿದರು. ಭುಜ ಕಳಚಿದ ಸದ್ದೂ ಕೇಳಿತು. ಒಂದೇ ಕೋಣೆಯಲ್ಲಿ ಎಷ್ಟು ಮೂಳೆ.

ಕಲ್ಲಿನಾಥ ಅಣ್ಣನ ಟ್ಯೂಬನ್ನು ಕೈಯಲ್ಲಿ ಹಿಡಿದು ನಿಂತಿದ್ದರು, ಬಿಡುವಂತಿರಲಿಲ್ಲ. ವಿಭಾ ನನ್ನ ಪಾಲಿಗೆ ಬಂದಳು.

ಕುತ್ತಿಗೆ ಕಣ್ಣೆದುರೇ ಉಬ್ಬುತ್ತಿತ್ತು. ಮುಟ್ಟಿದರೆ ಚರ್ಮದಡಿ ಗಾಳಿ, ಮಂಡಕ್ಕಿ ಹಿಚುಕಿದಂತೆ ಚರಚರ. ಮಂಪರಿನ ಮದ್ದು ಕೊಟ್ಟರೆ ಇರುವ ಉಸಿರೂ ನಿಂತೀತು. ಎಚ್ಚರವಾಗಿರುವಂತೆಯೇ ಟ್ಯೂಬ್ ಹಾಕಲು ಹೋದೆ. ರಕ್ತ. ಮತ್ತೆ. ಒಡೆದ ಮೂಳೆಗೆ ತಾಗಿತು, ಅವಳ ದೇಹ ಬಿಲ್ಲಿನಂತೆ ಬಾಗಿತು. ಮತ್ತೆ...

ಎಲ್ಲ ಮಕ್ಕಳಿಗೂ ಬೇಡವೆಂದು ಕಲಿಸಿದ್ದನ್ನೇ ಮಾಡುತ್ತಿದ್ದೆ. ಹೇಳಬೇಕಾದ ವಾಕ್ಯ ನನಗೆ ಗೊತ್ತಿತ್ತು. ಬಾಯಿ ತೆರೆಯಲಿಲ್ಲ. ಈ ಮಗುವಿನ ಮೇಲೆ ಹೇಗೆ ಆ ಮಾತಾಡಲಿ? ಅಂದರೆ ಯಾರಾದರೂ ಅಸ್ತು ಎಂದರೆ? ಆಕ್ಸಿಜನ್ ಮಾಸ್ಕಿನೊಳಗೆ ಅವಳ ತುಟಿ ಕಡುನೀಲಿ. ಕಣ್ಣು ನನ್ನ ಮೇಲೆಯೇ ಇತ್ತು. ಕೈ ಎತ್ತಿದಳು. ನನ್ನನ್ನು ತಡೆಯುತ್ತಾಳೆ ಎಂದುಕೊಂಡೆ. ಎರಡು ಬೆರಳು. ನನ್ನ ತುಟಿಯ ಮೇಲೆ ತಟ್ಟಿದಳು.

ಕಿರುಚಿದೆ. ಇಡೀ ವಾಕ್ಯವನ್ನು. ಬಿಡ್ತು, ಬಿಡ್ತು, ಬಿಡ್ತು. ಒಡೆದ ಜಾಗದ ಕೆಳಗೆ ಚಾಕು ಇಳಿಸಿದೆ, ಅವಳು ನೋಡುತ್ತಿರುವಂತೆಯೇ. ಬಿಸಿರಕ್ತ ನನ್ನ ಬಾಯಿಗೇ ಹಾರಿತು. ಬೆರಳಿಗೆ ಶ್ವಾಸನಾಳದ ಉಂಗುರ ಸಿಕ್ಕಿತು. ಟ್ಯೂಬ್. ಗಾಳಿ.

ಅವಳ ಬಂಗಾರದ ಕೈ ನನ್ನ ಮಡಿಲಿಗೆ ಜಾರಿತು. ಬೆಚ್ಚಗಿತ್ತು.

ಮಾರ್ಚ್ 6, ಗುರುವಾರ.

ಬದುಕುತ್ತಾಳೆ. ಧ್ವನಿಪೆಟ್ಟಿಗೆಯನ್ನು ಲೋಹದ ತಗಡಿಟ್ಟು ಜೋಡಿಸಿದ್ದಾರೆ. ಕುತ್ತಿಗೆಯ ಟ್ಯೂಬಿನಿಂದ ಉಸಿರು. ದನಿ ಮರಳುವುದೋ ಇಲ್ಲವೋ ಯಾರೂ ಮಾತು ಕೊಡುತ್ತಿಲ್ಲ. ಅಜ್ಜಿ ಹಾಸಿಗೆಯ ಪಕ್ಕವನ್ನು ಬಿಟ್ಟು ಕದಲಿಲ್ಲ. ನನ್ನನ್ನು ಕಂಡಾಗ ಏನು ಬೈಯುತ್ತಾರೋ ಎಂದಿದ್ದೆ. ಕುತ್ತಿಗೆಯ ಗಾಯವನ್ನು ನೋಡಿ, ನನ್ನ ಕೈಯನ್ನು ನೋಡಿ, “ಊಟ ಮಾಡಿದ್ರಾ?” ಎಂದರು. ಅದು ಬೈಗುಳಕ್ಕಿಂತ ತಡೆಯಲಾಗದ್ದು.

ಸಲಾಕೆಯ ಏಟು ತಿಂದ ಅಣ್ಣ ನಡೆದಾಡುತ್ತಿದ್ದಾನೆ. ತಮ್ಮ ಜೈಲಿನಲ್ಲಿ. ತನ್ನ ಅಣ್ಣನನ್ನು ಬದುಕಿಸಿದವಳನ್ನೇ ಹೊಡೆದೆನೆಂದು ಅವನಿಗೆ ಈಗ ಗೊತ್ತು. ಗೋಡೆಗೆ ತಲೆ ಚಚ್ಚಿಕೊಂಡನಂತೆ, ಹೊಲಿಗೆ ಹಾಕಿದರಂತೆ. ದ್ವೇಷಿಸಲು ಪ್ರಯತ್ನಿಸಿದೆ. ಇಪ್ಪತ್ತು ವರ್ಷ ಅವನಿಗೆ. ಅದೂ ಮಗುವೇ.

ಕಲ್ಲಿನಾಥ ಕಾರಿಡಾರ್‌ನಲ್ಲಿ ತಡೆದರು. ಗಡ್ಡ ಬೆಳೆದಿತ್ತು. “ಮಂಜರಿಯವರ... ಆಕಿಗೆ ಮೂಕಿ ಅಂದಿದ್ದೆ ನಾ. ನೆನಪೈತೇನ್ರಿ?”

ನೆನಪಿತ್ತು. ಪ್ರತಿದಿನವೂ ನೆನಪಾಗುತ್ತಿತ್ತು, ಅದಕ್ಕಾಗಿ ನನ್ನ ಮೇಲೆ ನನಗೇ ಸಿಟ್ಟು. ಮಾತಿಗೂ ಸಿಲಿಂಡರಿಗೂ ಏನು ಸಂಬಂಧ?

“ನಾನ ಅಂದೆ, ಹಂಗ ಆತು.”

“ಬಿಡ್ತು ಅನ್ನಿ ಕಲ್ಲಿನಾಥ.”

ಆರಡಿ ಮನುಷ್ಯ. ಗೋಡೆಗೊರಗಿ ಅಂದರು. ಎರಡು ಸಲ.

ಮಾರ್ಚ್ 11, ಮಂಗಳವಾರ. ಬೆಳಗ್ಗೆ. ಕಾರಿಡಾರ್.

ಒಳಗೆ ಟ್ಯೂಬಿಗೆ ಮಾತಿನ ವಾಲ್ವ್ ಹಾಕುತ್ತಿದ್ದಾರೆ. ಹಾಕಿದ ಮೇಲೆ ಗಾಳಿ ಗಂಟಲಿನ ಮೂಲಕ ಮೇಲೆ ಬರಬೇಕು. ಬಂದರೆ ದನಿ. ಅಜ್ಜಿಯೊಬ್ಬರನ್ನೇ ಒಳಗೆ ಬಿಟ್ಟಿದ್ದಾರೆ. ದೇವ್ ಬೆಳಗಿನಿಂದ ಮೆಸೇಜ್ ಕಳುಹಿಸುತ್ತಲೇ ಇದ್ದಾನೆ — ಎನಿಥಿಂಗ್, ಆಂಟಿ? ಎಲ್ಲ ಮಕ್ಕಳೂ ಅವನ ಫೋನಿನ ಸುತ್ತ ಕೂತಿದ್ದಾರಂತೆ. ನನ್ನ ಕೈಗೆ ಕೆಲಸವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಾಗಿಲು ಬೆರಳಗಲ ತೆರೆದಿದೆ.

ಕೆಮ್ಮು. ಮತ್ತೆ ಕೆಮ್ಮು. ನರ್ಸ್ ಏನೋ ಹೇಳುತ್ತಿದ್ದಾಳೆ — ಟ್ರೈ ಅಗೇನ್ ಸ್ವೀಟೀ, ಸೇ ಎನಿಥಿಂಗ್.

ಮೌನ.

ಫೋನ್ ಮತ್ತೆ ಮಿಣುಕುತ್ತಿದೆ, ತಿರುಗಿಸಿಟ್ಟೆ.

ಮರಳಿನ ಮೇಲೆ ಕಬ್ಬಿಣ ಎಳೆದಂತೆ ಒಂದು ದನಿ! ಅವಳದೇ —

“ಐ ಕಾಂಟ್, ಅಜ್ಜೀ... ಆಗ್ತಿಲ್ಲ.”

ಆಗ್ತಿಲ್ಲ ಅಂದಳು! ಗಟ್ಟಿಯಾಗಿ ಅಂದಳು!

ಸುವರ್ಣಮ್ಮ ಅಳುತ್ತಿದ್ದಾರೆ, ನಗುತ್ತಿದ್ದಾರೆ. “ಬಿಡ್ತು ಅನ್ನು ಪುಟ್ಟಾ. ಬಿಡ್ತು ಅ—” ನನ್ನನ್ನೂ ಒಳಗೆ ಕರೆಯುತ್ತಿದ್ದಾರೆ.